ಮಾವನ ಸಾಮಾನು ಕೋಣೆಯ 63 ವಸ್ತುಗಳು: ಒಂದು ಪ್ರಕರಣ

ಮಾವ ಮಗಳ ಮನೆಗೆ ಹೋಗಿ ನೆಲೆಸಿದ ಮೇಲೆ ಅವರ ಸಾಮಾನು ಕೋಣೆ ಖಾಲಿ ಮಾಡುವ ಕೆಲಸ ನಮ್ಮ ಪಾಲಿಗೆ ಬಂತು. ನಾನು, ನನ್ನ ತಂಗಿ, ಅವಳ ಮಗ. ಮೂರೇ ಜನ. ಶನಿವಾರ ಬೆಳಗ್ಗೆ ಕೈ ಹಾಕಿದರೆ ಭಾನುವಾರ ಸಂಜೆಗೆ ಮುಗಿದೀತು ಅಂದುಕೊಂಡಿದ್ದೆವು. ಮೂರು ವಾರ ಹಿಡಿಯಿತು. ಮೊದಲ ದಿನವೇ ಒಬ್ಬನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು.

ಮಾವ ಎಲ್ಲವನ್ನೂ ತಾವೇ ಮಾಡಿಕೊಳ್ಳುವ ಜಾಯಮಾನದವರು. ಬಾಗಿಲಿಗೆ ಎಣ್ಣೆ, ಗೇಟಿಗೆ ಪೇಂಟು, ಗಾಡಿಗೆ ಆಯಿಲು, ಗಿಡಕ್ಕೆ ಔಷಧಿ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಡಬ್ಬ ಮುಚ್ಚಿ ಕಪಾಟಿನಲ್ಲಿ ಇಡುತ್ತಿದ್ದರು. ಹಾಗೆ ಇಪ್ಪತ್ತು ವರ್ಷ ಸೇರಿಕೊಂಡ ವಸ್ತುಗಳು ಅಲ್ಲಿದ್ದವು. ಅಷ್ಟು ವರ್ಷ ಅವುಗಳಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ತೊಂದರೆ ಶುರುವಾದದ್ದು ನಾವು ಸ್ವಚ್ಛ ಮಾಡಲು ಹೊರಟ ದಿನ. ಈ ಪ್ರಕರಣ ಬರೆಯಲು ಕಾರಣವೂ ಅದೇ. ಅಲ್ಲಿದ್ದ ವಸ್ತುಗಳಿಗಿಂತ ನಮ್ಮ ಆತುರ ಹೆಚ್ಚು ಅಪಾಯ ತಂದಿತ್ತು.

ಮೊದಲ ದಿನದ ಬಕೆಟ್

ಹುಡುಗ ಚುರುಕು. ನಾವು ಪೇಪರು, ಹಳೆ ಪಾತ್ರೆ ಬೇರೆ ಮಾಡುತ್ತಿರುವಾಗ ಅವನು ಕೆಳಗಿನ ಸಾಲಿನ ಬಾಟಲಿಗಳನ್ನು ತೆಗೆದುಕೊಂಡ. ಎಲ್ಲದರಲ್ಲೂ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅವನ ಲೆಕ್ಕ ಸರಳ: ಎಲ್ಲವನ್ನೂ ಒಂದು ಬಕೆಟ್‌ಗೆ ಸುರಿದು, ಬಾಟಲಿ ಖಾಲಿ ಮಾಡಿ, ಆಮೇಲೆ ಬಕೆಟನ್ನು ಮೋರಿಗೆ ಚೆಲ್ಲಿದರಾಯಿತು. ಮೊದಲು ಬಟ್ಟೆ ಬಿಳುಪು ಮಾಡುವ ಬ್ಲೀಚ್ ಸುರಿದ. ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್.

ಅವನು ಕೆಮ್ಮಿದ ಸದ್ದು ಕೇಳಿ ತಿರುಗಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡಿದ್ದ. ನನ್ನ ಗಂಟಲಿಗೂ ಚುರುಕ್ ಎಂದು ತಾಗಿತು. ತಂಗಿ ಅವನ ಅಂಗಿ ಹಿಡಿದು ಹೊರಗೆ ಎಳೆದಳು. ನಾವು ಮೂವರೂ ಹೊರಗೆ ಬಂದು ಬಾಗಿಲನ್ನು ಹಾಗೇ ತೆರೆದು ಬಿಟ್ಟೆವು.

ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಕರಗಿದ ನೀರು. ಅದಕ್ಕೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ ಇರುವುದರಿಂದ ಅದು ಮೇಲೆ ಹೋಗುವುದಿಲ್ಲ, ನೆಲದ ಹತ್ತಿರವೇ ತುಂಬಿಕೊಳ್ಳುತ್ತದೆ. ಬಕೆಟ್ ನೆಲದ ಮೇಲಿತ್ತು. ಹುಡುಗ ಅದರ ಮೇಲೆ ಬಗ್ಗಿದ್ದ. ಸುರಿದದ್ದು ಒಂದೊಂದು ಲೋಟವೂ ಇರಲಿಕ್ಕಿಲ್ಲ. ಬ್ಲೀಚ್‌ಗೆ ಆಸಿಡ್ ಬದಲು ಅಮೋನಿಯಾ ಇರುವ ಕ್ಲೀನರ್ ಬಿದ್ದರೂ ಅಷ್ಟೇ ಕೆಟ್ಟದು. ಆಗ ಕ್ಲೋರಮೈನ್ ಎಂಬ ಇನ್ನೊಂದು ಅನಿಲ ಬರುತ್ತದೆ.

ಬಕೆಟ್ ಹೊರಗೆ ತರುತ್ತೇನೆ ಎಂದು ನಾನು ಎರಡು ಹೆಜ್ಜೆ ಇಟ್ಟಿದ್ದೆ. ತಂಗಿ ತಡೆದಳು. ಅವಳು ತಡೆದದ್ದೇ ಸರಿ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಹೋಗಿ ಬರಬಹುದು ಎಂಬುದು ಸುಮ್ನೆ ಧೈರ್ಯ, ಅದರಿಂದ ರಕ್ಷಣೆ ಸಿಗುವುದಿಲ್ಲ. ತುರ್ತು ಸೇವೆಗೆ ಫೋನ್ ಮಾಡಿದೆವು. ಏನಕ್ಕೆ ಏನು ಬಿತ್ತು ಎಂದು ಹೇಳಿದೆವು. ಬಂದವರು ಉಸಿರಾಟದ ಸಾಧನ ಹಾಕಿಕೊಂಡು ಒಳಗೆ ಹೋಗಿ ಬಕೆಟನ್ನು ಹೊರತಂದರು. ಅಷ್ಟರಲ್ಲಿ ನಾವು ಹುಡುಗನ ಕಣ್ಣನ್ನು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದಿದ್ದೆವು. ಕೆಮ್ಮು ಕಡಿಮೆ ಆಯಿತು, ಮನೆಗೆ ಹೋಗೋಣ ಎಂದು ಅವನು ಹಟ ಹಿಡಿದ. ಆದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕ್ಲೋರಿನ್ ಉಸಿರಾಡಿದವರಿಗೆ ಮೊದಲು ಸರಿಹೋದಂತೆ ಕಂಡು, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು. ಅವನನ್ನು ರಾತ್ರಿಯವರೆಗೆ ನೋಡಿಕೊಂಡು ಕಳಿಸಿದರು. ಗಂಟಲು ಕೆರೆತ ಮೂರು ದಿನ ಇತ್ತು.

ಪಟ್ಟಿ

ಮರುದಿನ ಯಾವ ಮುಚ್ಚಳವನ್ನೂ ತೆರೆಯಲಿಲ್ಲ. ಕಪಾಟಿನಲ್ಲಿ ಇರುವುದನ್ನು ಇದ್ದಲ್ಲೇ ನೋಡಿ ಬರೆದುಕೊಂಡೆವು. ತಂಗಿ ಓದುತ್ತಾ ಹೋದಳು, ನಾನು ಬರೆದೆ. ಹೆಸರು, ಎಷ್ಟು ಉಳಿದಿದೆ, ಡಬ್ಬ ಗಟ್ಟಿ ಇದೆಯಾ ಅಥವಾ ತುಕ್ಕು ಹಿಡಿದಿದೆಯಾ, ಲೇಬಲ್ ಓದಲು ಬರುತ್ತದೆಯಾ. ಹರಿಯುವಂತಿದ್ದ ಲೇಬಲ್‌ಗಳ ಮೇಲೆ ಅಗಲ ಟೇಪ್ ಅಂಟಿಸಿದೆವು. ಒಟ್ಟು 63 ವಸ್ತು.

ಇದು ಬೇಜಾರಿನ ಕೆಲಸ. ಇಡೀ ಭಾನುವಾರ ಹೋಯಿತು, ಒಂದು ಡಬ್ಬವೂ ಆಚೆ ಹೋಗಲಿಲ್ಲ. ಆದರೆ ಮೂರು ವಾರದಲ್ಲಿ ನಾವು ಮಾಡಿದ ಕೆಲಸಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ ಎಂದು ಖಚಿತವಾಗಿ ಹೇಳುತ್ತೇನೆ. ಮನೆಯ ಅಪಾಯಕಾರಿ ಕಸ ತೆಗೆದುಕೊಳ್ಳುವ ಸಂಗ್ರಹ ಕೇಂದ್ರಕ್ಕೆ ಫೋನ್ ಮಾಡಿದಾಗ ಅವರು ಕೇಳಿದ್ದು ಇದನ್ನೇ: ಏನಿದೆ, ಎಷ್ಟಿದೆ, ಯಾವುದರಲ್ಲಿದೆ. ಡಬ್ಬದ ಮೇಲೆ ಹೆಸರು ಉಳಿದಿದ್ದರೆ ಅದಕ್ಕೊಂದು ದಾರಿ ಇದೆ. ಹೆಸರು ಹೋದರೆ ಅದು ಎಲ್ಲರಿಗೂ ತಲೆನೋವು. ಬಾಟಲಿಯಿಂದ ಬಾಟಲಿಗೆ ಸುರಿದು ಜಾಗ ಉಳಿಸಬಾರದು, ಅಂಗಡಿಯಿಂದ ಬಂದ ಡಬ್ಬದಲ್ಲೇ ಇರಬೇಕು ಎಂದು ಹೇಳುವುದು ಇದಕ್ಕೇ.

ಪಟ್ಟಿ ಮುಗಿದ ಮೇಲೆ ಗುಂಪು ಮಾಡಿದೆವು. ಆಸಿಡ್ ಒಂದು ಮೂಲೆಗೆ. ಬ್ಲೀಚ್ ಮತ್ತು ಬ್ಲೀಚಿಂಗ್ ಪೌಡರ್ ಕೋಣೆಯ ಆಚೆ ತುದಿಗೆ. ಥಿನ್ನರ್, ಪೇಂಟು, ಎಣ್ಣೆ ಮೂರನೇ ಕಡೆ. ಕೀಟನಾಶಕ ಬೀಗ ಇರುವ ಕಬ್ಬಿಣದ ಪೆಟ್ಟಿಗೆಯಲ್ಲಿ. ಬ್ಲೀಚಿಂಗ್ ಪೌಡರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸೋರಿದ ಯಾವುದಕ್ಕೂ ಮರದ ಹೊಟ್ಟು ಹಾಕಿ ಹೀರಿಸುವ ರೂಢಿ ಹಲವರಿಗೆ ಇದೆ. ಈ ಪುಡಿಯ ಹತ್ತಿರ ಹೊಟ್ಟು, ಎಣ್ಣೆ, ಬ್ರೇಕ್ ಆಯಿಲ್ ಯಾವುದೂ ಸುಳಿಯಬಾರದು. ಬೆಂಕಿಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಇದರ ಮಗ್ಗುಲಲ್ಲಿ ಬಳಸುವುದಾದರೆ ಒಣ ಮರಳು ಮಾತ್ರ.

ಬಿಸಿಯಾದ ಬಟ್ಟೆ

ಎರಡನೇ ಶನಿವಾರ. ಅಗಸೆ ಎಣ್ಣೆಯ ಡಬ್ಬವೊಂದು ತಳದಲ್ಲಿ ಸೋರಿ ಕಪಾಟಿನ ಹಲಗೆಯೆಲ್ಲ ಅಂಟಂಟಾಗಿತ್ತು. ಮಾವ ಬಾಗಿಲಿಗೆ ಹಚ್ಚುತ್ತಿದ್ದ ಎಣ್ಣೆ. ಹಳೆ ಪಂಚೆ, ಟವೆಲ್ ಹರಿದು ಒರೆಸಿದೆವು. ಒರೆಸಿದ ಬಟ್ಟೆಯನ್ನು ಮೂಲೆಯಲ್ಲಿ ರಾಶಿ ಹಾಕಿ ಬೇರೆ ಕೆಲಸಕ್ಕೆ ಹೋದೆವು. ಅದು ವಿಷವಲ್ಲ, ಆಸಿಡ್ ಅಲ್ಲ, ಗಿಡದ ಎಣ್ಣೆ ಅಲ್ವಾ ಎಂಬ ಧೈರ್ಯ.

ಮೂರು ನಾಲ್ಕು ಗಂಟೆ ಕಳೆದಿರಬೇಕು. ಕೋಣೆಯಲ್ಲಿ ಕಮಟು ವಾಸನೆ. ರಾಶಿಯ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು. ಒಳಗೆ ಕೈ ಹಾಕಿದೆ, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ. ಹತ್ತಿರ ಬೆಂಕಿ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಅಗಸೆ ಎಣ್ಣೆ ನೀರಿನ ಹಾಗೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಮರಕ್ಕೆ ಹಚ್ಚಿದಾಗ ಹೊಳಪಿನ ಪದರ ಬರುವುದು ಇದರಿಂದಲೇ. ಹೀಗೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಬಟ್ಟೆ ಹರಡಿಕೊಂಡಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆಯಾಗಿದ್ದರೆ ಒಳಗೇ ಉಳಿಯುತ್ತದೆ. ಬಿಸಿ ಏರಿದಷ್ಟೂ ಎಣ್ಣೆ ಇನ್ನೂ ಬೇಗ ಆಮ್ಲಜನಕ ಹೀರುತ್ತದೆ, ಬಿಸಿ ಇನ್ನೂ ಏರುತ್ತದೆ. ಕೊನೆಗೆ ಬಟ್ಟೆಯೇ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ ಎತ್ತರದ ಕಟ್ಟಡ ಉರಿದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಆ ಬೆಂಕಿ ಶುರುವಾದದ್ದು 22ನೇ ಮಹಡಿಯಲ್ಲಿ, ಕೆಲಸದವರು ಬಿಟ್ಟು ಹೋಗಿದ್ದ ಇಂಥದೇ ಎಣ್ಣೆ ಬಟ್ಟೆಯಿಂದ.

ಇಕ್ಕಳದಲ್ಲಿ ಒಂದೊಂದಾಗಿ ಬಟ್ಟೆ ಎತ್ತಿ, ಮುಚ್ಚಳ ಇರುವ ತಗಡಿನ ಡಬ್ಬಕ್ಕೆ ಹಾಕಿ, ಮುಳುಗುವಷ್ಟು ನೀರು ತುಂಬಿ ಬಿಗಿಯಾಗಿ ಮುಚ್ಚಿದೆವು. ಡಬ್ಬವನ್ನು ಮನೆಯಿಂದ ದೂರ ಅಂಗಳದಲ್ಲಿ ಇಟ್ಟೆವು. ಬಟ್ಟೆ ಒಂದೆರಡೇ ಇದ್ದರೆ ಬಯಲಿನಲ್ಲಿ ಮಡಿಕೆ ಬೀಳದಂತೆ ಹರಡಿ, ರಟ್ಟಿನ ಹಾಗೆ ಗಟ್ಟಿಯಾಗುವ ತನಕ ಬಿಡಬಹುದು. ಆ ದಿನ ನಾವು ಬೇಗ ಬೀಗ ಹಾಕಿಕೊಂಡು ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಆ ಕೋಣೆಯಲ್ಲೇ ಆರು ಲೀಟರ್ ಥಿನ್ನರ್ ಇತ್ತು.

ಪಾದರಸ

ಮೇಲಿನ ಸಾಲಿನಲ್ಲಿ ಬಿಪಿ ನೋಡುವ ಹಳೆಯ ಪೆಟ್ಟಿಗೆ. ಅತ್ತೆಗೆ ಬಿಪಿ ಇದ್ದಾಗ ತಂದದ್ದು. ಮುಚ್ಚಳ ಸ್ವಲ್ಪ ಎತ್ತಿದ್ದೇ ತಡ, ಒಳಗಿನ ಮೂಲೆಯಲ್ಲಿ ಬೆಳ್ಳಿ ಬಣ್ಣದ ನಾಲ್ಕೈದು ಹನಿ ಉರುಳಿದವು. ಎರಡು ನೆಲಕ್ಕೆ ಬಿದ್ದವು.

ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿ ಇರುವ ಪಾದರಸ ಅರ್ಧದಿಂದ ಒಂದು ಗ್ರಾಂ. ಬಿಪಿ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 100 ಗ್ರಾಂ ಆಸುಪಾಸು ಇರುತ್ತದೆ. ಅದೃಷ್ಟಕ್ಕೆ ಗಾಜಿನ ಕೊಳವೆ ಒಡೆದಿರಲಿಲ್ಲ, ಅಂಚಿನಿಂದ ಸ್ವಲ್ಪ ಸೋರಿತ್ತು ಅಷ್ಟೇ. ಪೂರ್ತಿ ಚೆಲ್ಲಿದ್ದರೆ ನಾವು ಕೈ ಹಾಕದೆ ಬಾಗಿಲು ಮುಚ್ಚಿ ತಿಳಿದವರನ್ನು ಕರೆಸಬೇಕಿತ್ತು.

ಪೊರಕೆ ತರಲು ಹೊರಟ ಹುಡುಗನನ್ನು ನಿಲ್ಲಿಸಿದೆ. ಗುಡಿಸಿದರೆ ಒಂದು ಹನಿ ನೂರು ಹನಿಯಾಗಿ ಸಂದಿಗೆ ಸೇರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದು, ಅದರ ಬಿಸಿ ಗಾಳಿ ಪಾದರಸವನ್ನು ಆವಿ ಮಾಡಿ ಮನೆಯೆಲ್ಲ ಹರಡುತ್ತದೆ. ಪಾದರಸ ಹೊಟ್ಟೆಗೆ ಹೋಗುವುದಕ್ಕಿಂತ ಅದರ ಆವಿ ಉಸಿರಿಗೆ ಸೇರುವುದೇ ಅಪಾಯ. ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕಿಟಕಿ ತೆರೆದೆವು. ಮನೆಯ ಕಡೆಯ ಬಾಗಿಲು ಮುಚ್ಚಿದೆವು. ನಾನು ಉಂಗುರ ತೆಗೆದಿಟ್ಟೆ. ಬಂಗಾರಕ್ಕೆ ಪಾದರಸ ತಾಗಿದರೆ ಎರಡೂ ಬೆರೆತು ಉಂಗುರ ಹಾಳಾಗುತ್ತದೆ. ಕೈಗವಸು ಹಾಕಿಕೊಂಡು, ಎರಡು ದಪ್ಪ ರಟ್ಟಿನ ತುಂಡಿನಿಂದ ಹನಿಗಳನ್ನು ಒಂದೇ ಕಡೆಗೆ ತಳ್ಳಿ, ಔಷಧಿ ಹಾಕುವ ಡ್ರಾಪರಿನಲ್ಲಿ ಎಳೆದು ಗಾಜಿನ ಜಾಡಿಗೆ ಬಿಟ್ಟೆ. ತಂಗಿ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ಒರಗಿಸಿ ಹಿಡಿದಳು. ಆಗ ಕಣ್ಣಿಗೆ ಕಾಣದಿದ್ದ ಪುಡಿ ಹನಿಗಳು ಮಿಣಮಿಣ ಹೊಳೆದವು. ಅವನ್ನು ಅಂಟು ಟೇಪಿನಲ್ಲಿ ಒತ್ತಿ ಎತ್ತಿದೆವು. ಟೇಪು, ರಟ್ಟು, ಡ್ರಾಪರು, ಕೈಗವಸು ಎಲ್ಲವೂ ಅದೇ ಜಾಡಿಯ ಜೊತೆ ಇನ್ನೊಂದು ಗಟ್ಟಿ ಡಬ್ಬಕ್ಕೆ ಹೋದವು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, "ಪಾದರಸ, ನೆಟ್ಟಗೆ ಇಡಿ" ಎಂದು ಬರೆದೆವು.

ಇಷ್ಟು ಸಣ್ಣ ಹನಿಗೆ ಇಷ್ಟೆಲ್ಲ ಯಾಕೆ, ಸಿಂಕಿಗೆ ಬಿಟ್ಟರಾಗದಾ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನೀರಿನ ತಳದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಪಾದರಸವನ್ನು ಮಿಥೈಲ್ ಮರ್ಕ್ಯುರಿ ಎಂಬ ಇನ್ನೂ ಘೋರ ವಿಷವಾಗಿ ಬದಲಿಸುತ್ತವೆ. ಅದು ಮೀನಿಗೆ, ಮೀನಿನಿಂದ ಮನುಷ್ಯರಿಗೆ ಬರುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಈ ಮಿಥೈಲ್ ಮರ್ಕ್ಯುರಿ ಇದ್ದ ನೀರನ್ನೇ ಸಮುದ್ರಕ್ಕೆ ಬಿಟ್ಟಿತ್ತು. 1956ರಲ್ಲಿ ಹೊರಗೆ ಗೊತ್ತಾದ ಆ ಕಾಯಿಲೆಗೆ ಇವತ್ತಿಗೂ ಆ ಊರಿನ ಹೆಸರೇ ಇದೆ. ಆ ಊರಿನ ಹೆಸರಿನಲ್ಲೇ 2013ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದ ಆಯಿತು, 2017ರಲ್ಲಿ ಜಾರಿಗೆ ಬಂತು. ಅದರಂತೆ ಪಾದರಸದ ಥರ್ಮಾಮೀಟರ್ ಮತ್ತು ಬಿಪಿ ಪೆಟ್ಟಿಗೆಗಳ ತಯಾರಿಕೆಯನ್ನು 2020ರೊಳಗೆ ನಿಲ್ಲಿಸಬೇಕಿತ್ತು. ಹೊಸದು ಬರುವುದು ನಿಲ್ಲಬಹುದು. ಕಪಾಟಿನಲ್ಲಿ ಇರುವುದನ್ನು ಮಾತ್ರ ಒಬ್ಬೊಬ್ಬರೇ ಹೊರತರಬೇಕು.

ಬೇಗ ಮುಗಿದವು, ಮುಗಿಯದವು

ಪೇಂಟುಗಳದ್ದು ಸುಲಭ. ಸೀಲ್ ಒಡೆಯದ ಎರಡು ಡಬ್ಬ ಪಕ್ಕದ ಮನೆಯವರ ಗೇಟಿಗೆ ಬಳಕೆಯಾಯಿತು. ಇಂಥ ವಸ್ತುವನ್ನು ಅದರ ಕೆಲಸಕ್ಕೇ ಬಳಸಿ ಮುಗಿಸುವುದಕ್ಕಿಂತ ಒಳ್ಳೆಯ ವಿಲೇವಾರಿ ಇಲ್ಲ. ನೀರಿನಲ್ಲಿ ಕಲಸುವ ಪೇಂಟು ತಳದಲ್ಲಿ ಸ್ವಲ್ಪ ಇತ್ತು, ಮರಳು ಬೆರೆಸಿ ಮುಚ್ಚಳ ತೆಗೆದಿಟ್ಟು ಕಲ್ಲಿನಂತೆ ಒಣಗಿಸಿದೆವು. ಎಣ್ಣೆ ಪೇಂಟು ಹಾಗಲ್ಲ, ಅದು ಕೇಂದ್ರಕ್ಕೇ ಹೋಗಬೇಕು. ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಬಲ್ಬುಗಳಲ್ಲೂ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ, ಒಡೆಯದಂತೆ ರಟ್ಟಿನಲ್ಲಿ ಸುತ್ತಿದೆವು. ಅವಧಿ ಮೀರಿದ ಮಾತ್ರೆಗಳನ್ನು ಹಿಂದಕ್ಕೆ ಪಡೆಯುವ ಔಷಧಿ ಅಂಗಡಿಗೆ ಕೊಟ್ಟೆವು. ಇಂಜೆಕ್ಷನ್ ಸೂಜಿಗಳು ತಿರುಗಣಿ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹೋದವು.

ಹಳೆ ಎಂಜಿನ್ ಆಯಿಲ್ ನಾಲ್ಕು ಲೀಟರ್. ಒಂದು ಲೀಟರ್ ಆಯಿಲ್ ಹತ್ತು ಲಕ್ಷ ಲೀಟರ್ ಕುಡಿಯುವ ನೀರನ್ನು ಕೆಡಿಸಬಲ್ಲದು ಎನ್ನುತ್ತಾರೆ. ಆದರೆ ಅದನ್ನು ಶುದ್ಧ ಮಾಡಿ ಮತ್ತೆ ಆಯಿಲ್ ಆಗಿಯೇ ಬಳಸಬಹುದು. ಒಂದೇ ಷರತ್ತು: ಅದಕ್ಕೆ ಬೇರೇನೂ ಬೆರೆಸಿರಬಾರದು. ಅರ್ಧ ಲೋಟ ಥಿನ್ನರ್ ಬಿದ್ದರೂ ಇಡೀ ನಾಲ್ಕು ಲೀಟರ್ ಸುಡಬೇಕಾದ ಕಸವಾಗುತ್ತದೆ.

ಒಂದು ಹಳೆ ಮೊಬೈಲ್ ದಿಂಬಿನಂತೆ ಊದಿಕೊಂಡು ಹಿಂಬದಿ ಬಿರಿದಿತ್ತು. ಲಿಥಿಯಂ ಬ್ಯಾಟರಿ ಒಳಗೆ ಕೆಟ್ಟು ಅನಿಲ ತುಂಬಿದಾಗ ಹೀಗಾಗುತ್ತದೆ. ಒತ್ತಿ ಮುಚ್ಚಲು ಹೋಗಬಾರದು, ಚುಚ್ಚಬಾರದು, ಇನ್ನೂ ನಡೆಯುತ್ತಾ ನೋಡೋಣ ಎಂದು ಚಾರ್ಜಿಗೆ ಹಾಕಲೇಬಾರದು. ತಗಡಿನ ಡಬ್ಬದಲ್ಲಿ ಒಣ ಮರಳು ಹಾಕಿ, ಅದರ ಮೇಲೆ ಮೊಬೈಲ್ ಇಟ್ಟು ಬಯಲಿನಲ್ಲಿ ಬಿಟ್ಟೆವು. ಇಂಥದ್ದನ್ನು ದಿನದ ಕಸಕ್ಕೆ ಹಾಕಿದರೆ ಕಸದ ಲಾರಿಯೊಳಗೆ ಒತ್ತುವಾಗ ಜಜ್ಜಿ ಹೊತ್ತಿಕೊಳ್ಳುತ್ತದೆ. ಆಗ ಅಪಾಯ ನಮಗಲ್ಲ, ಲಾರಿಯಲ್ಲಿ ಕೆಲಸ ಮಾಡುವವರಿಗೆ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಾವು ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಅಲ್ಲಿಂದ ಮುಂದೆ ಅದನ್ನು ಯಾರೋ ಕೈಯಲ್ಲಿ ಮುಟ್ಟುತ್ತಾರೆ. ಸಣ್ಣ ಬಟನ್ ಸೆಲ್‌ಗಳು, ಚೌಕದ 9 ವೋಲ್ಟ್ ಬ್ಯಾಟರಿಗಳ ಎರಡೂ ತುದಿಗೆ ಟೇಪ್ ಅಂಟಿಸಿದೆವು.

ಇನ್ನು ಹೆಸರಿಲ್ಲದ ಬಾಟಲಿ. ತಂಪು ಪಾನೀಯದ ಹಳೆ ಬಾಟಲಿ, ಅರ್ಧದಷ್ಟು ಹಳದಿ ದ್ರವ. ಮಗುವೊಂದು ನೋಡಿದರೆ ಎತ್ತಿ ಕುಡಿಯುವಂತಿತ್ತು. ಮಾವನಿಗೆ ಫೋನ್ ಮಾಡಿದೆವು. "ಟರ್ಪೆಂಟೈನ್ ಇರಬೇಕು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಾ ಗೆದ್ದಲಿಗೆ ತಂದದ್ದೋ ಏನೋ" ಎಂದರು. ಮೂಸಿ ನೋಡಿದರೆ ಗೊತ್ತಾಗುತ್ತದೆ ಎಂದೂ ಹೇಳಿದರು. ಮೂಸಲಿಲ್ಲ. ಲೇಬಲ್ ಬರೆದೆವು: "ಏನೆಂದು ಗೊತ್ತಿಲ್ಲ. ಟರ್ಪೆಂಟೈನ್ ಅಥವಾ ಗೆದ್ದಲಿನ ಔಷಧಿ ಎಂದು ಊಹೆ. ತೆರೆದಿಲ್ಲ." ಊಹೆಯನ್ನು ಊಹೆ ಎಂದೇ ಬರೆಯಬೇಕು. ಬರೀ ಟರ್ಪೆಂಟೈನ್ ಎಂದು ಬರೆದು ಕೊಟ್ಟಿದ್ದರೆ ಮುಂದೆ ತೆರೆಯುವವರನ್ನು ಮೋಸ ಮಾಡಿದಂತೆ.

ಎಲ್ಲಕ್ಕಿಂತ ಹೆಚ್ಚು ದಿನ ಕಾಡಿದ್ದು ಎಂಡೋಸಲ್ಫಾನ್. ಅರ್ಧ ಬಾಟಲಿ. ಲೇಬಲ್ ಮಾಸಿದ್ದರೂ ಓದಲು ಬರುತ್ತಿತ್ತು. ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ 2011ರಲ್ಲೇ ಸೇರಿದ ಕೀಟನಾಶಕ. ಮಣ್ಣಿನಲ್ಲಿ ಬೇಗ ಕರಗುವುದಿಲ್ಲ, ಹೂತರೆ ಅಲ್ಲೇ ಇರುತ್ತದೆ. ಅಂಗಳದಲ್ಲಿ ಸುಟ್ಟರೆ ಹೊಗೆಯಲ್ಲಿ ಬೇರೆ ವಿಷ ಬರುತ್ತದೆ. 1,000 ಡಿಗ್ರಿಗೂ ಮೀರಿದ ಶಾಖದ ವಿಶೇಷ ಕುಲುಮೆಯಲ್ಲೇ ಅದು ಮುಗಿಯಬೇಕು. ಬಾಟಲಿಯ ಬಿರಡೆ ಅಂಚಿನಲ್ಲಿ ಜಿನುಗುತ್ತಿತ್ತು. ಅದನ್ನು ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ನೆಟ್ಟಗೆ ಇಟ್ಟು, ಸುತ್ತಲೂ ಒಣ ಮರಳು ತುಂಬಿ, ಮುಚ್ಚಳ ಹಾಕಿ, ಹೊರಗೂ ಹೆಸರು ಬರೆದೆವು.

ಸಾಗಿಸಿದ್ದು

ಸಂಗ್ರಹ ಕೇಂದ್ರದವರು ಪಟ್ಟಿಯನ್ನು ಮೊದಲೇ ಕಳಿಸಲು ಹೇಳಿದ್ದರು. ಒಂದು ಸಲಕ್ಕೆ ಇಷ್ಟೇ ತೆಗೆದುಕೊಳ್ಳುವುದು ಎಂಬ ಮಿತಿ ಇತ್ತು, ಹಾಗಾಗಿ ಎರಡು ಸಲ ಹೋದೆವು. ಮೊದಲ ಸಲ ಆಸಿಡ್, ಬ್ಯಾಟರಿ, ಪಾದರಸ, ಟ್ಯೂಬ್‌ಲೈಟ್. ಎರಡನೇ ಸಲ ಪೇಂಟು, ಥಿನ್ನರ್, ಆಯಿಲ್, ಬ್ಲೀಚ್. ಆಸಿಡ್ ಮತ್ತು ಬ್ಲೀಚ್ ಒಂದೇ ಗಾಡಿಯಲ್ಲಿ ಹೋಗದಂತೆ ಬೇಕೆಂದೇ ಹೀಗೆ ಹಂಚಿದ್ದು. ಬ್ಲೀಚಿಂಗ್ ಪೌಡರನ್ನು ಥಿನ್ನರಿನಿಂದ ದೂರ ಇಡಲು ಅದಕ್ಕೆ ಮುಂದಿನ ಸೀಟಿನ ಕೆಳಗೆ ಬೇರೆ ಮುಚ್ಚಿದ ಡಬ್ಬ, ಉಳಿದದ್ದು ಡಿಕ್ಕಿಯಲ್ಲಿ. ಕಿಟಕಿ ತೆರೆದುಕೊಂಡು, ನಡುವೆ ಎಲ್ಲೂ ನಿಲ್ಲಿಸದೆ ನೇರ ಹೋದೆವು. ಬಾಟಲಿಗಳ ನಡುವೆ ಪೇಪರು ತುರುಕಿ ಅಲುಗದಂತೆ ಮಾಡಿದ್ದೆವು.

ಎಂಡೋಸಲ್ಫಾನನ್ನು ಅವರು ಆವತ್ತು ತೆಗೆದುಕೊಳ್ಳಲಿಲ್ಲ. ಕೀಟನಾಶಕಕ್ಕೆ ಬೇರೆ ದಿನ, ಬೇರೆ ಗಾಡಿ. ವಾರಕ್ಕೂ ಹೆಚ್ಚು ಅದು ಬೀಗದ ಪೆಟ್ಟಿಗೆಯಲ್ಲೇ ಕೂತಿತು. ಆ ದಿನಗಳಲ್ಲಿ ಹೇಗಾದರೂ ಕಳೆದುಕೊಂಡರೆ ಸಾಕು ಎಂದು ತಂಗಿ ಎರಡು ಸಲ ಹೇಳಿದಳು. ಅವಳ ಆತಂಕ ನನಗೆ ಅರ್ಥವಾಗುತ್ತಿತ್ತು. ಆದರೆ ಬೀಗ ಹಾಕಿದ, ಹೆಸರು ಬರೆದ, ಮರಳಿನಲ್ಲಿ ನಿಂತ ಬಾಟಲಿ ಇನ್ನೊಂದು ವಾರ ಇದ್ದರೆ ಕೆಡುವುದೇನೂ ಇರಲಿಲ್ಲ.

ಕೊನೆಯ ಸಲ ಹೋದಾಗ ಹೆಸರಿಲ್ಲದ ಬಾಟಲಿಯನ್ನೂ ಕೊಟ್ಟೆವು. ಅಲ್ಲಿನ ಸಿಬ್ಬಂದಿ ನಮ್ಮ ಲೇಬಲ್ ಪೂರ್ತಿ ಓದಿದರು. ತೆರೆಯದೆ ಹಾಗೇ ಬೇರೆ ಟ್ರೇನಲ್ಲಿ ಇಟ್ಟುಕೊಂಡರು. ಎಂಡೋಸಲ್ಫಾನ್ ಬಕೆಟ್ ನೋಡಿ, ಅದು ಇದ್ದ ಕಪಾಟಿನ ಹಲಗೆ ಎಲ್ಲಿ ಎಂದು ಕೇಳಿದರು. ನಮಗೆ ಅದು ಹೊಳೆದೇ ಇರಲಿಲ್ಲ. ಹಿಂದಕ್ಕೆ ಬಂದು ನೋಡಿದರೆ ಬಾಟಲಿ ನಿಂತಿದ್ದ ಕಡೆ ಮರದ ಮೇಲೆ ಅಂಗೈ ಅಗಲದ ಕಪ್ಪು ಕಲೆ, ಒಳಗಿನವರೆಗೂ ಇಳಿದಿತ್ತು. ಕೊಯ್ದರೆ ಪುಡಿ ಏಳುತ್ತದೆ ಎಂದು ಹಲಗೆಯನ್ನು ಇಡಿಯಾಗಿಯೇ ಬಿಚ್ಚಿದೆವು. ಹುಡುಗ ಕೈಗವಸು ಹಾಕಿಕೊಂಡು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಸುತ್ತಿದ. ಮೇಲೆ ಹೆಸರು ಬರೆದವನೂ ಅವನೇ. ಪಟ್ಟಿಯಲ್ಲಿ ಅದು 64ನೆಯದು.